115 ವ್ಯಾಟಿನ ಅತಿಥಿ

ನಿಂತ ಫ್ಯಾನನ್ನು ನೋಡಿಕೊಂಡು ಸುಮ್ಮನೆ ಕೂರುವುದು ಚಿತ್ರದುರ್ಗದವರ ಕೈಲಾಗುವ ಕೆಲಸವಲ್ಲ. ಮಲೆನಾಡಿನ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ನಮ್ಮಲ್ಲಿ ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಮನೆಯವರ ಕೈ ಸ್ವಿಚ್ಚಿನ ಮೇಲಿರುತ್ತದೆ. ಶಿವರಾತ್ರಿ ಕಳೆದರೆ ಸಾಕು, ಊರನ್ನು ಸುತ್ತುಗಟ್ಟಿದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೂ ನಮ್ಮ ಮೇಲೆ ಕಾರುತ್ತಲೇ ಇರುತ್ತವೆ. ಮದಕರಿನಾಯಕನ ಕಾಲದಲ್ಲಿ ಶತ್ರುಗಳನ್ನು ಸುಸ್ತು ಮಾಡಿದ ಕಲ್ಲುಗಳು ಈಗ ಬೇರೆ ಯಾರೂ ಸಿಗದೆ ನಮ್ಮನ್ನು ಹಿಡಿದುಕೊಂಡಿವೆ. ಇಂಥ ಊರಿನಲ್ಲಿ ಫ್ಯಾನು ನಿಂತಿದೆ ಎಂದರೆ ಕರೆಂಟು ಹೋಗಿರಬೇಕು, ಇಲ್ಲವೇ ಕಂಡೆನ್ಸರ್ ಸುಟ್ಟಿರಬೇಕು. ಮೂರನೆಯ ಕಾರಣವೊಂದು ಇರಬಹುದೆಂದು ಅರವತ್ತು ದಾಟುವವರೆಗೂ ನನಗೆ ಯಾರೂ ಹೇಳಿರಲಿಲ್ಲ.

ಈಗ ನಮ್ಮ ಹಾಲಿನ ಮೂಲೆಯಲ್ಲಿ, ಗಾಜಿನ ಪಕ್ಕೆಯ ಕರಿ ಡಬ್ಬವೊಂದರೊಳಗೆ, ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡಿನ ಮೈಮೇಲೆ, ಎರಡು ಪುಟ್ಟ ಫ್ಯಾನುಗಳಿವೆ. ಕಂಪ್ಯೂಟರ್ ಚಾಲೂ ಇದೆ, ಪರದೆಯ ಮೇಲೆ ಏನೋ ನಡೆಯುತ್ತಿದೆ, ಇವು ಮಾತ್ರ ಅಲ್ಲಾಡುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಪೇಪರ್ ಓದುವ ನನ್ನ ಕಣ್ಣು ಒಂದೊಂದು ಕಾಲಂ ಮುಗಿದಾಗಲೂ ಅತ್ತ ಹೋಗುತ್ತದೆ. ಬೆರಳು ಹಾಕಿ ಒಂದು ಸುತ್ತು ತಿರುಗಿಸಿಬಿಡೋಣ ಎಂದು ಕೈ ತುರಿಸುತ್ತದೆ. ನಮ್ಮ ಹಳೆಯ ಟೇಬಲ್ ಫ್ಯಾನನ್ನು ಹಾಗೇ ಅಲ್ಲವೇ ಎಬ್ಬಿಸುತ್ತಿದ್ದುದು. "ಮಾವ, ಅದಕ್ಕೀಗ ಕೆಲಸ ಇಲ್ಲ, ನಿಂತಿದೆ. ಬಿಸಿ ಆದ್ರೆ ತಾನೇ ತಿರುಗುತ್ತೆ" ಎಂದು ಅಕ್ಕನ ಮಗ ಎರಡು ಮಾತಿನಲ್ಲಿ ಹೇಳಿ ಮುಗಿಸಿದ. ಒಳಗಿನ ಚಿಪ್ಪು ಐವತ್ತು ಡಿಗ್ರಿಯ ಆಸುಪಾಸು ದಾಟುವವರೆಗೆ ಇಂಥ ಕಾರ್ಡುಗಳ ಫ್ಯಾನುಗಳು ಏಳುವುದೇ ಇಲ್ಲ. ನಾನು ನೌಕರಿ ಮಾಡಿದ್ದೋ, ಖಾಲಿ ಕುರ್ಚಿಗಳ ಮೇಲೆ ಫ್ಯಾನು ತಿರುಗುತ್ತಿದ್ದ ಕಚೇರಿಯಲ್ಲಿ. ಫ್ಯಾನು ತಿರುಗುತ್ತಿದ್ದರೆ ಸಾಹೇಬರು ಇಲ್ಲೇ ಎಲ್ಲೋ ಇದ್ದಾರೆ ಎಂದು ಜನ ಸಮಾಧಾನಪಟ್ಟುಕೊಂಡು ಕಾಯುತ್ತಿದ್ದರು. ಕೆಲಸವಿಲ್ಲದಿದ್ದರೆ ತಿರುಗುವುದಿಲ್ಲ ಎಂದು ಹಟ ಹಿಡಿದು ನಿಂತ ಫ್ಯಾನನ್ನು ನಾನು ಕಂಡದ್ದು ಇದೇ ಮೊದಲು. ಅದರ ಮೇಲೆ ನನಗೆ ಸಿಟ್ಟೂ ಇದೆ, ಹೇಳಿಕೊಳ್ಳಲಾಗದ ಗೌರವವೂ ಇದೆ.

ಹುಡುಗನ ಊರು ಹೊಳಲ್ಕೆರೆ ತಾಲ್ಲೂಕು. ಭಾವನವರದು ಅಡಿಕೆ ತೋಟ. ಪಿಯುಸಿಗೆಂದು ದುರ್ಗಕ್ಕೆ ಬಂದು ನಮ್ಮ ಮನೆ ಸೇರಿದವನು ಇಂಜಿನಿಯರಿಂಗಿಗೂ ಇಲ್ಲೇ ಉಳಿದುಕೊಂಡ. ಗ್ರಾಫಿಕ್ಸ್ ಕಾರ್ಡ್ ಎಂಬ ಮಾತು ನಮ್ಮ ಮನೆಯೊಳಗೆ ಮೊದಲು ಕೇಳಿಸಿದ್ದು 2021ರಲ್ಲಿ. ಆಗ ಕಾರ್ಡುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕರೆ ಬೆಲೆ ಕೇಳುವ ಹಾಗಿರಲಿಲ್ಲ. ಲೋಕದ ತುಂಬ ಜನ ಅವನ್ನು ಸಾಲುಸಾಲಾಗಿ ಜೋಡಿಸಿ, ಹಗಲೂ ರಾತ್ರಿ ಲೆಕ್ಕ ಮಾಡಿಸಿ, ಈಥೀರಿಯಂ ಎಂಬ ಕೈಗೆ ಸಿಗದ ನಾಣ್ಯ ಗಳಿಸುತ್ತಿದ್ದರು. ಇದನ್ನು ಭಾವನವರಿಗೆ ತಿಳಿಸಿ ಹೇಳುವ ಭಾರ ನನ್ನ ಮೇಲೆ ಬಿತ್ತು. ನಾನು ಅರ್ಧ ಗಂಟೆ ಹೇಳಿದೆ. ಅವರು ಪೂರ್ತಿ ಕೇಳಿ, "ಕಾಣದ ನಾಣ್ಯಕ್ಕೆ ಕಾಣೋ ದುಡ್ಡು ಹಾಕ್ತಾರಾ?" ಎಂದವರೇ ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಧಾರಣೆ ಏನಾಯಿತು ಎಂಬುದಕ್ಕೆ ಮಾತು ಹೊರಳಿಸಿದರು. ಅದು ಕಾಣುವ ವ್ಯಾಪಾರ.

ಕಾರ್ಡು ಮನೆಗೆ ಬಂದದ್ದು 2023ರಲ್ಲಿ. ಎನ್‌ವಿಡಿಯಾದವರ ಆರ್‌ಟಿಎಕ್ಸ್ 4060 ಆ ವರ್ಷ ಜೂನ್ ಕೊನೆಗೆ ಪೇಟೆಗೆ ಇಳಿದಿತ್ತು. ಮೂವತ್ತು ಸಾವಿರದ ಆಸುಪಾಸಿನ ಮಾಲು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ಹುರುಪಿನಲ್ಲಿ ಭಾವ ಹೂಂ ಅಂದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು, ಇನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಹುಡುಗ ಬಂದ. ಹಿರಿಯೂರಿನಲ್ಲಿ ಬಸ್ಸು ನಿಂತಾಗ ಟೀಗೂ ಇಳಿಯಲಿಲ್ಲವಂತೆ. ಮನೆಗೆ ಬಂದು ಡಬ್ಬ ಬಿಚ್ಚಿದರೆ ಅದರೊಳಗೊಂದು ಡಬ್ಬ, ಅದರೊಳಗೆ ಬೂದು ಬಣ್ಣದ ಮಿಣುಕು ಚೀಲ, ಚೀಲದೊಳಗೆ ಒಂದು ಗೇಣಿನಷ್ಟು ಉದ್ದದ ಈ ಪದಾರ್ಥ. ನನ್ನ ಹೆಂಡತಿ, "ಇಷ್ಟೇನಾ?" ಅಂದಳು. ಆ ಬೆಲೆಗೆ ಅವಳ ಲೆಕ್ಕದಲ್ಲಿ ಒಂದು ಫ್ರಿಜ್ಜಾದರೂ ಬರಬೇಕಿತ್ತು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ವಿಂಡ್‌ಫೋರ್ಸ್ ಎಂದು ಬರೆದಿತ್ತು. ತೈವಾನಿನ ಗಿಗಾಬೈಟ್ ಕಂಪನಿ ತನ್ನ ಕಾರ್ಡುಗಳ ತಂಪು ವ್ಯವಸ್ಥೆಗೆ ಇಟ್ಟುಕೊಂಡ ಹೆಸರದು. ಗಾಳಿಯ ಬಲವನ್ನು ಡಬ್ಬಕ್ಕೆ ತುಂಬಿ ಚಿತ್ರದುರ್ಗಕ್ಕೇ ತಂದು ಮಾರುವವರ ಧೈರ್ಯ ದೊಡ್ಡದು. ಜೋಗಿಮಟ್ಟಿಯ ಸಾಲಿನಲ್ಲಿ ಆಷಾಢದ ಗಾಳಿಗೆ ನಿಂತು ಅಭ್ಯಾಸವಿದ್ದವರಿಗೆ ಅಂಗೈ ಅಗಲದ ಎರಡು ಫ್ಯಾನು ತೋರಿಸಿ ಗಾಳಿಯ ಬಲ ಅನ್ನುವುದೇ? ಆದರೂ ಅದರಲ್ಲೊಂದು ಜಾಣತನ ಇದೆ ಎಂದು ಒಪ್ಪಬೇಕು. ಎರಡು ಫ್ಯಾನುಗಳೂ ಒಂದೇ ದಿಕ್ಕಿಗೆ ತಿರುಗಿದರೆ ಅವುಗಳ ನಡುವೆ ಸಿಕ್ಕ ಗಾಳಿಯನ್ನು ಒಂದು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕೆಳಕ್ಕೆ. ಜಗಳವಾಗಿ ಸುಳಿ ಏಳುತ್ತದೆ. ಅದಕ್ಕೇ ಇದರಲ್ಲಿ ಒಂದು ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ ತಿರುಗುತ್ತದೆ. ನಡುವಿನ ಗಾಳಿಗೆ ಇಬ್ಬರೂ ಒಂದೇ ಮಾತು ಹೇಳುತ್ತಾರೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಮ್ಮಿಬ್ಬರಿಗೆ ಈ ಉಪಾಯ ಹೊಳೆದಿರಲಿಲ್ಲ.

ಗಾಳಿಯ ಮಾತು ಬಂತು. ನಮ್ಮ ಅಮ್ಮ ಇದ್ದಾಗ ಅವಳನ್ನು ಹೊಸದುರ್ಗಕ್ಕೆ, ಅವಳ ತೌರಿಗೆ, ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಮೂಡುತ್ತಿದ್ದ ಕಾಲ. ಅಮ್ಮನಿಗೆ ಕಿಟಕಿಯ ಸೀಟು ಬೇಕು. ಕೂತವಳೇ ನಿಂತ ಯಂತ್ರಗಳನ್ನು ಎಣಿಸುವಳು. ತಿರುಗುವುದನ್ನು ಎಣಿಸುತ್ತಿರಲಿಲ್ಲ. "ನೋಡು, ಅಲ್ಲೊಂದು ನಿಂತೈತೆ. ಅಲ್ಲಿನ್ನೊಂದು. ಅಷ್ಟು ದುಡ್ಡು ಹಾಕಿ ಸುಮ್ನೆ ನಿಲ್ಸಿದಾರೆ" ಎಂದು ಪಕ್ಕದ ಸೀಟಿನವರಿಗೂ ಕೇಳುವಂತೆ ನೊಂದುಕೊಳ್ಳುವಳು. ಸೆಕೆಂಡಿಗೆ ಮೂರು ನಾಲ್ಕು ಮೀಟರಾದರೂ ಗಾಳಿ ಬೀಸದೆ ಅವು ಏಳುವುದಿಲ್ಲ, ಬಿರುಗಾಳಿಯಾಗಿ ಇಪ್ಪತ್ತೈದು ದಾಟಿದರೆ ಮುರಿದುಕೊಳ್ಳಬಾರದೆಂದು ತಾವೇ ನಿಂತುಬಿಡುತ್ತವೆ ಎಂದು ನಾನು ಎಲ್ಲೋ ಓದಿದ್ದನ್ನು ಒಪ್ಪಿಸಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ನಿಮ್ಮಪ್ಪನ ಜಾತಿ ಅವು" ಅಂದಳು. ಜೊತೆಗೆ ಬಂದಿದ್ದ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು, ಕೇಳಿಸಿತೋ ಇಲ್ಲವೋ. ಒಟ್ಟಿನಲ್ಲಿ ನಿಂತ ಫ್ಯಾನಿನ ಮೇಲಿನ ಈ ಅಸಹನೆ ನನಗೆ ಬಂದದ್ದು ತಾಯಿಯ ಕಡೆಯಿಂದ.

ಕಾರ್ಡು ಕೂರಿಸುವ ದಿನ ಟಾರ್ಚು ಹಿಡಿಯುವ ಹೊಣೆ ನನ್ನದು. ಹುಡುಗ ಮೊದಲು ಕಬ್ಬಿಣದ ಚೌಕಟ್ಟು ಮುಟ್ಟಿ ಮೈಯಲ್ಲಿರುವ ವಿದ್ಯುತ್ತು ಇಳಿಸಿಕೊಂಡ. ಒಣ ಹವೆಯ ನಮ್ಮೂರಿನಲ್ಲಿ ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅಷ್ಟು ಸಾಕಂತೆ ಆ ಚಿಪ್ಪಿನ ಕತೆ ಮುಗಿಯಲು. ಆಮೇಲೆ ಚಿನ್ನದ ಲೇಪದ ಅಂಚನ್ನು ಗುರಿಯಿಟ್ಟು ಮದರ್‌ಬೋರ್ಡಿನ ಸೀಳಿಗೆ ಒತ್ತಿದ, ಟಕ್ ಎಂದಿತು. ಆ ಸೀಳಿನಿಂದಲೇ 75 ವ್ಯಾಟಿನವರೆಗೆ ವಿದ್ಯುತ್ತು ಬರುತ್ತದೆ. ಈ ಕಾರ್ಡಿಗೆ ಬೇಕಾದದ್ದು 115 ವ್ಯಾಟು, ಅದಕ್ಕೆ ಮೇಲಿನಿಂದ ಎಂಟು ಪಿನ್ನಿನ ಇನ್ನೊಂದು ತಂತಿ. ಹಿಂದುಗಡೆ ಎರಡು ಸ್ಕ್ರೂ. ಅಷ್ಟೇ. ಅವನ ಗೆಳೆಯನೊಬ್ಬನ ಮನೆಯಲ್ಲಿ 4090 ಎಂಬ ದೊಡ್ಡ ಕಾರ್ಡು ಇದೆ; 450 ವ್ಯಾಟು, ಒಂದೂವರೆ ಲಕ್ಷ ದಾಟಿದ ಬೆಲೆ. ಅದರ ಭಾರಕ್ಕೆ ಸೀಳು ಬಾಗುತ್ತದೆಂದು ಕೆಳಗಿನಿಂದ ಊರುಗೋಲು ಕೊಟ್ಟಿದ್ದಾರೆ. ಅಷ್ಟು ದುಡ್ಡು ಕೊಟ್ಟು ತಂದದ್ದು ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ ಎಂದು ಕೇಳಿ ಭಾವನವರಿಗೆ ಬಹಳ ಖುಷಿಯಾಯಿತು.

ಟಾರ್ಚಿನ ಬೆಳಕಿನಲ್ಲಿ ನಾನು ನೋಡಿದ್ದು ಫ್ಯಾನುಗಳ ಹಿಂದೆ ಒತ್ತೊತ್ತಾಗಿ ನಿಂತ ಅಲ್ಯೂಮಿನಿಯಂ ತಗಡುಗಳನ್ನು, ಅವುಗಳ ಹೊಟ್ಟೆ ಹಾಯ್ದು ಹೋದ ತಾಮ್ರದ ಕೊಳವೆಗಳನ್ನು. ಚಿಪ್ಪು ಎಲ್ಲಿ ಎಂದು ಕೇಳಿದೆ. ಕಾಣುವುದಿಲ್ಲ, ಅವುಗಳಡಿಯಲ್ಲಿದೆ ಎಂದ. 159 ಚದರ ಮಿಲಿಮೀಟರು. ಹೆಬ್ಬೆರಳಿನ ಉಗುರು ಮುಚ್ಚುವಷ್ಟು. ಅಷ್ಟರಲ್ಲಿ 1,890 ಕೋಟಿ ಟ್ರಾನ್ಸಿಸ್ಟರುಗಳು. ಉಳಿದ ಈ ಗೇಣುದ್ದದ ಮೈಯೆಲ್ಲ ಬಹುಪಾಲು ಇರುವುದು ಆ ಉಗುರಗಲದ ಜಾಗವನ್ನು ತಣ್ಣಗಿಡಲು. ಇದು ತಿಳಿದ ಮೇಲೆ ನನಗೆ ಕಾರ್ಡಿನ ಮೇಲೆ ಅಕ್ಕರೆ ಹುಟ್ಟಿತು. ಬುದ್ಧಿ ಇಷ್ಟೇ ಇಷ್ಟು, ಅದು ಕೆಡದಂತೆ ನೋಡಿಕೊಳ್ಳುವ ವ್ಯವಸ್ಥೆ ಇಷ್ಟೊಂದು.

ತಾಮ್ರ ಕಂಡ ಕೂಡಲೇ ನನಗೆ ಇಂಗಳದಾಳ್ ನೆನಪಾಯಿತು. ದುರ್ಗದ ಮಗ್ಗುಲಲ್ಲೇ ಇರುವ ಆ ಗುಡ್ಡದಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತು, ಹಟ್ಟಿ ಚಿನ್ನದ ಗಣಿಯವರು ನಡೆಸುತ್ತಿದ್ದರು. ಮುಚ್ಚಿ ಬಹಳ ಕಾಲವಾಯಿತು. ನನ್ನ ಜೊತೆ ಓದುತ್ತಿದ್ದವನೊಬ್ಬನ ಅಪ್ಪ ಅಲ್ಲಿ ಕೆಲಸದಲ್ಲಿದ್ದರು. ಅವನು ಜೇಬಿನಲ್ಲಿ ಹಳದಿ ಮಿಂಚಿನ ಕಲ್ಲಿನ ಚೂರುಗಳನ್ನು ತುಂಬಿಕೊಂಡು ಬಂದು ಚಿನ್ನ ಎಂದು ಹಂಚುತ್ತಿದ್ದ, ಬದಲಿಗೆ ಬಳಪ ಇಸಿದುಕೊಳ್ಳುತ್ತಿದ್ದ. ನಾನು ಒಂದು ಚೂರನ್ನು ದಿಂಬಿನಡಿ ಇಟ್ಟುಕೊಂಡು ಎಷ್ಟೋ ಕಾಲ ಶ್ರೀಮಂತನಾಗಿದ್ದೆ. ಈ ಕೊಳವೆಯ ತಾಮ್ರ ನಮ್ಮೂರದ್ದಾಗಿರಲಾರದು, ಚಿಲಿಯದ್ದೋ ಇನ್ನೆಲ್ಲಿಯದೋ. ಆದರೂ ಟಾರ್ಚು ಹಿಡಿದ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ನಿಂತಿತು. ಹುಡುಗ "ಮಾವ, ಈ ಕಡೆ" ಎಂದು ಗದರಿದ.

ಆ ಕೊಳವೆಗಳ ಒಳಗುಟ್ಟು ನನಗೆ ಕಾರ್ಡಿನ ಉಳಿದೆಲ್ಲದಕ್ಕಿಂತ ಇಷ್ಟವಾದದ್ದು. ಅವು ಗಟ್ಟಿ ತಾಮ್ರದ ಸರಳಲ್ಲ, ಟೊಳ್ಳು. ಒಳಗಿನ ಗಾಳಿ ಎಳೆದು ತೆಗೆದು, ಕೆಲವು ತೊಟ್ಟು ನೀರು ಬಿಟ್ಟು, ಎರಡೂ ಬಾಯಿ ಮುಚ್ಚಿರುತ್ತಾರೆ. ಒತ್ತಡವಿಲ್ಲದ ಜಾಗದಲ್ಲಿ ನೀರು ಕುದಿಯಲು ನೂರು ಡಿಗ್ರಿ ಬೇಡ, ಅದರ ಎಷ್ಟೋ ಕೆಳಗೇ ಆವಿಯಾಗುತ್ತದೆ. ಚಿಪ್ಪಿನ ಕಡೆ ಕಾದು ಆವಿಯಾದದ್ದು ತಗಡುಗಳ ಕಡೆ ಓಡಿ, ಅಲ್ಲಿ ತಣಿದು ಮತ್ತೆ ನೀರಾಗಿ, ಕೊಳವೆಯ ಒಳಮೈಗೆ ಅಂಟಿಸಿದ ತಾಮ್ರದ ಪುಡಿಯ ಪದರ ಹಿಡಿದು ತಾನೇ ಜಿನುಗುತ್ತ ವಾಪಸು ಬರುತ್ತದೆ. ಪಂಪಿಲ್ಲ, ಮೋಟರಿಲ್ಲ. ಬೋರ್‌ವೆಲ್ ಮೋಟರು ಸುಟ್ಟಿತೆಂದು ತಿಂಗಳಿಗೊಮ್ಮೆ ರಿವೈಂಡಿಂಗ್ ಅಂಗಡಿಗೆ ಓಡುವ ಭಾವನವರಿಗೆ ಇದನ್ನು ಹೇಳಿದಾಗ, ಅವರು ಮೊದಲ ಸಲ ಆ ಕಾರ್ಡನ್ನು ಕೈಯಾರೆ ಮುಟ್ಟಿ ನೋಡಿದರು.

ಪಂಪಿಲ್ಲದೆ ನೀರು ಓಡಿಸುವುದರಲ್ಲಿ ದುರ್ಗದ ನಾಯಕರೇನು ಕಡಿಮೆಯವರಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ಮಳೆಯ ನೀರು ಇಳಿದು ಬರುವ ಹಾಗೆ ಕಟ್ಟಿದ್ದರು. ಬಂದ ಹನಿ ಸುಮ್ಮನೆ ಹೋಗಬಾರದು ಎಂಬ ಹಟ ನಮ್ಮ ಕಡೆಯ ಕಲ್ಲುಕಲ್ಲಿನಲ್ಲೂ ಇದೆ. ಆದರೆ ಕೋಟೆಯ ನೀರು ಇಳಿಯುತ್ತಿತ್ತೇ ಹೊರತು ಹಿಂತಿರುಗಿ ಹತ್ತುತ್ತಿರಲಿಲ್ಲ. ಹತ್ತಿದ್ದು ಹೆಂಗಸರ ಸೊಂಟದ ಮೇಲೆ. ಕಾರ್ಡಿನ ನೀರು ತಾನೇ ಹತ್ತುತ್ತದೆ ಎಂದು ನನ್ನ ಹೆಂಡತಿಗೆ ಹೇಳಿದೆ. "ಅದಕ್ಕೇ ಮೂವತ್ತು ಸಾವಿರ" ಅಂದಳು.

ಮಧ್ಯ ಕರ್ನಾಟಕದವರು ನಾವು. ಕಾರ್ಡೂ ಮಧ್ಯಮ ದರ್ಜೆಯದೇ ಬಂತು. ಇದರಲ್ಲಿ ನನಗೆ ಏನೂ ಬೇಸರವಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ಧೂಳಿಗೆ, ಹಿಂದಿನ ಸೀಟು ಕುಲುಕಾಟಕ್ಕೆ. ನಡುವಿನದೇ ವಾಸಿ ಎಂದು ಬೆಳೆದವನು ನಾನು. ಎಲ್ಲವನ್ನೂ ತುಂಬಿದ ದುಬಾರಿ ಮಾಲಿನಲ್ಲಿ ನೋಡುವುದಕ್ಕೇನೂ ಇರುವುದಿಲ್ಲ. ಮಾಡಿದವನ ತಲೆ ಕಾಣಿಸುವುದು ಎಲ್ಲಿ ಕೈ ಬಿಚ್ಚಿದ, ಎಲ್ಲಿ ಬಿಗಿಹಿಡಿದ ಎಂಬುದರಲ್ಲಿ. ಅದು ಮಧ್ಯಮ ದರ್ಜೆಯಲ್ಲೇ ಸಿಗುವುದು. ಹಿಂದಿನ 3060ರಲ್ಲಿ 12 ಜಿಬಿ ಮೆಮೊರಿ ಇತ್ತು, ಇದರಲ್ಲಿ ಎಂಟೇ. ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ ಆಗ 192 ಬಿಟ್ ಅಗಲ, ಈಗ 128. ಮದರ್‌ಬೋರ್ಡಿನ ಸೀಳಿನಲ್ಲಿ ಹದಿನಾರು ಸಾಲಿಗೆ ಜಾಗವಿದ್ದರೂ ಇದು ಓಡುವುದು ಎಂಟೇ ಸಾಲಿನಲ್ಲಿ. ಹುಡುಗನ ಗೆಳೆಯರೆಲ್ಲ ಸೇರಿ ಇದೊಂದು ಮೋಸ ಎಂದು ನಮ್ಮ ಹಾಲಿನಲ್ಲಿ ಪಂಚಾಯ್ತಿ ಮಾಡಿದರು. ಅದೇ ಕಾರ್ಡು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿತ್ತು.

ನನಗೆ ಹಾಗನ್ನಿಸಲಿಲ್ಲ. ಏಕೆಂದರೆ ದಾರಿ ಕಿರಿದು ಮಾಡಿದವರು ಚಿಪ್ಪಿನೊಳಗಿನ ಉಗ್ರಾಣವನ್ನು 3 ಎಂಬಿಯಿಂದ 24 ಎಂಬಿಗೆ ಏರಿಸಿದ್ದರು. ಹೊಸದುರ್ಗದ ನಮ್ಮ ಅಜ್ಜಿಯ ಮನೆಯದೂ ಇದೇ ಧೋರಣೆ. ಸಂತೆಗೆ ಹೋಗುವ ಗಾಡಿದಾರಿ ಕಿರಿದು, ಮಳೆ ಬಂದರೆ ಕೆಸರು. ಅಜ್ಜಿ ದಾರಿಯನ್ನು ಬೈಯುತ್ತ ಕೂರಲಿಲ್ಲ, ಅಟ್ಟವನ್ನು ದೊಡ್ಡದು ಮಾಡಿಸಿದಳು. ರಾಗಿ, ಹುರುಳಿ, ಒಣಮೆಣಸಿನಕಾಯಿ, ತೆಂಗಿನಕಾಯಿ, ಬೇಕಾದದ್ದೆಲ್ಲ ತಲೆಯ ಮೇಲೇ. ಕೈ ಎತ್ತಿದರೆ ಸಿಗುತ್ತಿತ್ತು. ಹಾಗೆಂದು ಅಟ್ಟ ಎಲ್ಲದಕ್ಕೂ ಪರಿಹಾರವಲ್ಲ. ಮದುವೆಯ ಸುಗ್ಗಿಯಲ್ಲಿ ನೂರು ಜನ ಬಂದು ಕೂತರೆ ಅಜ್ಜಿಯೂ ಸಂತೆಗೆ ಆಳು ಅಟ್ಟಲೇಬೇಕಿತ್ತು, ಆಗ ಕೆಸರಿನಲ್ಲಿ ಗಾಡಿ ಹೂತು ಊಟ ತಡವಾಗುತ್ತಿತ್ತು. ಹೊಸ ಆಟಗಳನ್ನು ಭಾರಿ ಪರದೆಯಲ್ಲಿ ಆಡಿದರೆ ಈ ಕಾರ್ಡಿಗೂ ಹಾಗೇ ಆಗುತ್ತದಂತೆ. ನಮ್ಮ ಮನೆಯ ಪರದೆ ಚಿಕ್ಕದು. ಸಣ್ಣ ಸಂಸಾರ, ನಡೆಯುತ್ತದೆ.

ಈ ಎನ್‌ವಿಡಿಯಾ ಹುಟ್ಟಿದ ಕತೆ ಗೊತ್ತಾದದ್ದೂ ಆ ಪಂಚಾಯ್ತಿಯಲ್ಲೇ. 1993ರಲ್ಲಿ ಜೆನ್‌ಸೆನ್ ಹುವಾಂಗ್, ಕ್ರಿಸ್ ಮಲಾಚೋಸ್ಕಿ, ಕರ್ಟಿಸ್ ಪ್ರೀಮ್ ಎಂಬ ಮೂವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಡೆನ್ನೀಸ್ ಎಂಬ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತ ಕಂಪನಿಯ ಯೋಚನೆ ಮಾಡಿದರಂತೆ. ಹುವಾಂಗ್ ಹುಡುಗನಾಗಿದ್ದಾಗ ಅದೇ ಹೆಸರಿನ ಇನ್ನೊಂದು ಹೋಟೆಲಿನಲ್ಲಿ ತಟ್ಟೆ ತೊಳೆದವರು. ನಮ್ಮೂರ ಬಸ್ ಸ್ಟ್ಯಾಂಡಿನ ಸುತ್ತಲ ಹೋಟೆಲುಗಳಲ್ಲೂ ಒಂದು ಕಾಫಿಯನ್ನು ಮೂವರು ಹಂಚಿಕೊಂಡು ಲೋಕ ಬದಲಾಯಿಸುವ ಯೋಚನೆಗಳು ನಡೆದದ್ದು ನನಗೆ ಗೊತ್ತು, ಮೂವರಲ್ಲಿ ಒಬ್ಬ ನಾನೇ. ನಾವು ಸಿನಿಮಾ ಟಾಕೀಸು, ಶೇಂಗಾ ಎಣ್ಣೆ ಗಾಣ, ವಾರಪತ್ರಿಕೆ ಎಲ್ಲವನ್ನೂ ಮುಗಿಸಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮಾಲೀಕರು ಟೇಬಲ್ ಒರೆಸುವ ನೆಪದಲ್ಲಿ ನಮ್ಮ ಮೊಣಕೈ ಎತ್ತಿಸುತ್ತಿದ್ದರು.

ಆಟಗಳ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಬೆಳಕಿನ ಬಗ್ಗೆ ಇದೆ. ಹುಡುಗ ಸೈಬರ್‌ಪಂಕ್ 2077 ಎಂಬ ಆಟ ಆಡುವಾಗ ನಾನು ಪೇಪರ್ ಮಡಿಚಿಟ್ಟು ನೋಡುತ್ತೇನೆ. ಯಾವುದೋ ಮುಂದಿನ ಕಾಲದ ಪಟ್ಟಣ, ಜಿಟಿಜಿಟಿ ಮಳೆ. ಒದ್ದೆ ರಸ್ತೆಯಲ್ಲಿ ಅಂಗಡಿಯ ಕೆಂಪು ದೀಪ ಮಿನುಗುತ್ತದೆ, ಕಾರು ಹಾಯ್ದರೆ ಆ ಕೆಂಪು ಕಲಕುತ್ತದೆ. ಪರದೆಯಲ್ಲಿ ಇರುವ ಚುಕ್ಕಿಗಳು 20 ಲಕ್ಷ 73 ಸಾವಿರದ 600. ಒಂದೊಂದು ಚುಕ್ಕಿಯಿಂದಲೂ ದೃಷ್ಟಿಯನ್ನು ಹಿಂದಕ್ಕೆ ಓಡಿಸಿ, ಅದು ಯಾವ ಗೋಡೆಗೆ ಬಡಿದು ಯಾವ ದೀಪಕ್ಕೆ ಹೋಗಿ ಮುಟ್ಟುತ್ತದೆಂದು ಹುಡುಕಿ ಬಣ್ಣ ತುಂಬುವ ರೇ ಟ್ರೇಸಿಂಗ್ ಎಂಬ ವಿದ್ಯೆಗೆ ಈ ಕಾರ್ಡಿನಲ್ಲಿ ಬೇರೆಯೇ ಅಂಗಗಳಿವೆ. 2018ರ 20 ಸರಣಿಯ ಕಾರ್ಡುಗಳಿಂದ ಇದು ಶುರು. ಸೆಕೆಂಡಿಗೆ ಅರವತ್ತು ಚಿತ್ರ ಎಂದರೂ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕಿಗಳ ಲೆಕ್ಕ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮಳೆಯನ್ನು ನೋಡಿ, "ಇದು ಚಳ್ಳಕೆರೆ ಕಡೆ ಬಿದ್ದಿದ್ರೆ ಶೇಂಗಾನಾದ್ರೂ ಆಗ್ತಿತ್ತು" ಎಂದು ಒಳಗೆ ಹೋದಳು.

ಬೆಳಕು ಹಿಂದಕ್ಕೆ ಓಡುವುದನ್ನು ನೋಡಿದ ಮೇಲೆ ಒಂದು ಸಂಜೆ ಹುಡುಗನನ್ನು ಕೋಟೆಗೆ ಎಳೆದುಕೊಂಡು ಹೋದೆ. ನಮ್ಮೂರವರು ನೆಂಟರು ಬಂದಾಗಲಷ್ಟೇ ಕೋಟೆ ಹತ್ತುವವರು, ಓಬವ್ವನ ಕಿಂಡಿ ತೋರಿಸಿ ಇಳಿಯುವವರು. ಇಳಿಹೊತ್ತಿನಲ್ಲಿ ಬಂಡೆ ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಸಿಲು ಬೀಳದ ಗೋಡೆಗೂ ಎದುರು ಬಂಡೆಯ ಕೆಂಪು ಹತ್ತುತ್ತದೆ. ಹುಡುಗ ಬಹಳ ಹೊತ್ತು ನೋಡಿ, "ರಿಫ್ಲೆಕ್ಷನ್ ಚೆನ್ನಾಗಿದೆ ಮಾವ" ಅಂದ. ನಾನು ಇದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಕಾರ್ಡಿನ ಇನ್ನೊಂದು ವಿದ್ಯೆಯ ಬಗ್ಗೆ ಮಾತ್ರ ನನಗೆ ಅನುಮಾನವಿತ್ತು. ಈ 40 ಸರಣಿಯ ಕಾರ್ಡುಗಳು ಎರಡು ಚಿತ್ರಗಳನ್ನು ನಿಜವಾಗಿ ಬಿಡಿಸಿ, ನಡುವೆ ಒಂದನ್ನು ಊಹಿಸಿ ಸೇರಿಸಬಲ್ಲವು. ಇಲ್ಲದ ಚಿತ್ರ, ಆದರೆ ಕಣ್ಣಿಗೆ ಓಟ ನುಣುಪಾಗುತ್ತದೆ. ಇದು ಸುಳ್ಳಲ್ಲವೇ ಎಂದು ನಾನು ತಕರಾರು ತೆಗೆದೆ. ತೆಗೆದವನಿಗೆ ಹಿರಿಯೂರಿನ ನಮ್ಮ ತಾತ ನೆನಪಾದರು. ಮಾರಿಕಣಿವೆಯ ಅಣೆಕಟ್ಟು, ಅದೇ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ನೀರು 130 ಅಡಿ ಮುಟ್ಟಿದರೆ ಕೋಡಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ತಾತ ಹುಡುಗರಾಗಿದ್ದಾಗ. ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೋದದ್ದು ನಿಜ, ನೀರು ಹಾಲಿನ ಹಾಗೆ ಇಳಿದದ್ದು ನಿಜ. ಈ ಎರಡರ ನಡುವೆ ತಾತ ವರ್ಷಕ್ಕೊಂದು ಚಿತ್ರ ಸೇರಿಸುತ್ತ ಬಂದರು. ಒಂದು ವರ್ಷ ಮೀನು ಹಾರಿ ಗಾಡಿಯೊಳಗೆ ಬಿತ್ತು. ಇನ್ನೊಂದು ವರ್ಷ ಎತ್ತು ಹೆದರಿ ನೊಗ ಮುರಿಯಿತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಒಬ್ಬ ಅಮಲ್ದಾರರ ರುಮಾಲು ಕೊಚ್ಚಿಹೋಗಿತ್ತು. ಕತೆ ಎಷ್ಟು ನುಣುಪಾಯಿತೆಂದರೆ ತೆಗೆದುಹಾಕಬೇಕೆಂದರೂ ಹೊಲಿಗೆ ಸಿಗುತ್ತಿರಲಿಲ್ಲ.

ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳಾದ ಮೇಲೆ. ಭದ್ರೆಯಿಂದ ಎತ್ತಿ ಹರಿಸಿದ ನೀರೂ ಅದರಲ್ಲಿ ಸೇರಿತ್ತು, ಆ ವರ್ಷದ ಮಳೆಯೂ ಜೋರು. ಇಡೀ ಜಿಲ್ಲೆ ಹಿರಿಯೂರಿಗೆ ಹೊರಟಿತು, ನಾವೂ ಹೊರಟೆವು. ಹುಡುಗ ಮಾತ್ರ ದಾರಿಯುದ್ದಕ್ಕೂ ಮೊಬೈಲು ಬಿಟ್ಟು ತಲೆ ಎತ್ತಲಿಲ್ಲ. ಅವನ ಲೋಕದಲ್ಲೂ ಅದೇ ತಿಂಗಳು ಇನ್ನೊಂದು ಕೋಡಿ ಬೀಳುವುದರಲ್ಲಿತ್ತು. ಈಥೀರಿಯಂನವರು ತಮ್ಮ ಪದ್ಧತಿ ಬದಲಿಸುತ್ತಾರೆ, ಇನ್ನು ಕಾರ್ಡುಗಳಿಂದ ನಾಣ್ಯ ಹುಟ್ಟುವುದಿಲ್ಲ ಎಂಬ ಸುದ್ದಿ. ಆ ತಿಂಗಳ ನಡುವಿನಲ್ಲಿ ಅದು ಆಗಿಯೂ ಹೋಯಿತು. ವರ್ಷಗಟ್ಟಲೆ ಕಟ್ಟೆಯ ಹಿಂದೆ ನಿಂತಿದ್ದ ಹಳೆಯ ಕಾರ್ಡುಗಳೆಲ್ಲ ಪೇಟೆಗೆ ಹರಿದವು. ಅರ್ಧ ಬೆಲೆಗೆ ಸಿಗುತ್ತದೆಂದು ಹುಡುಗ ಕುಣಿದರೆ ಭಾವ, "ಯಾರೋ ಹಗಲೂ ರಾತ್ರಿ ದುಡಿಸಿ ಬಿಟ್ಟಿದ್ದು ನಮಗ್ಯಾಕೆ?" ಎಂದು ಒಂದೇ ಮಾತಿಗೆ ಮುಗಿಸಿದರು. 2022ರ ಸೆಪ್ಟೆಂಬರ್ ಎಂದರೆ ನನಗೊಂದು ಕೋಡಿ, ಅವನಿಗೊಂದು. ಕೋಡಿಯ ಹತ್ತಿರ ನಾನು ಕಂಡದ್ದು ಜನರ ತಲೆಗಳನ್ನು, ಪೊಲೀಸರ ಲಾಠಿಯನ್ನು, ಅವುಗಳ ಸಂದಿಯಲ್ಲಿ ಒಂದಷ್ಟು ಬಿಳಿ ನೀರನ್ನು. 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬೀಳುವ ಹೊತ್ತಿಗೆ ನನ್ನ 2022ರ ಕತೆಯಲ್ಲಿ ಆಗಲೇ ಒಂದು ಮೀನು ಸೇರಿಕೊಂಡಿತ್ತು. ಕಾರ್ಡಿನ ಮೇಲಿನ ತಕರಾರನ್ನು ನಾನು ವಾಪಸು ತೆಗೆದುಕೊಂಡೆ.

ಇಷ್ಟೆಲ್ಲ ಆದರೂ ನನ್ನ ಹೆಂಡತಿ ಆ ಕರಿ ಡಬ್ಬವನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡದ್ದು ಬೇರೆಯೇ ಕಾರಣಕ್ಕೆ. ದುರ್ಗದ ಚಳಿಗಾಲ ಬೇಸಿಗೆಯಷ್ಟೇ ಕಟ್ಟುನಿಟ್ಟು. ಧನುರ್ಮಾಸದಲ್ಲಿ ಕಲ್ಲು ತಣ್ಣಗಾಗಿ, ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಗೂ ಹಾಲಾಗೇ ಇರುತ್ತದೆ. ಪಾತ್ರೆಗೆ ಟವೆಲ್ಲು ಸುತ್ತಿ, ಅಕ್ಕಿ ಡಬ್ಬದೊಳಗೆ ಹೂತು, ಎಲ್ಲ ಮಾಡಿ ಸೋತಿದ್ದಳು. ಒಂದು ರಾತ್ರಿ ಕಸ ಗುಡಿಸುವಾಗ ಆ ಡಬ್ಬದ ಬೆನ್ನಿನಿಂದ ಬರುವ ಗಾಳಿ ಅವಳ ಕೈಗೆ ತಾಗಿತು. ಹಿತವಾದ ಬಿಸಿ. ಮರುದಿನದಿಂದ ಮೊಸರಿನ ಪಾತ್ರೆಗೆ ಅಲ್ಲೊಂದು ಮಣೆ ಬಂತು. ಕಾರ್ಡು ಎಳೆದುಕೊಂಡ ವಿದ್ಯುತ್ತೆಲ್ಲ, ಆಟದಲ್ಲಿ ಗೆದ್ದರೂ ಸೋತರೂ, ಕೊನೆಗೆ ಶಾಖವಾಗಿಯೇ ಹೊರಬೀಳಬೇಕು, ಇದು ಭೌತಶಾಸ್ತ್ರ. ಹುಡುಗ ಸಂಜೆಯೆಲ್ಲ ಆಡಿದ ದಿನ ಮೊಸರು ಚಾಕು ಹಾಕಿ ಕೊಯ್ಯುವ ಹಾಗೆ. ಪರೀಕ್ಷೆ ಬಂದು ಪುಸ್ತಕ ಹಿಡಿದನೋ, ಮನೆಯಲ್ಲಿ ನೀರು ಮಜ್ಜಿಗೆ. "ಸ್ವಲ್ಪ ಹೊತ್ತು ಆಡ್ಕೊಳೋ, ಬರೀ ಓದಿದ್ರೆ ತಲೆ ಕೆಡುತ್ತೆ" ಎಂದು ಓದುವ ಹುಡುಗನನ್ನು ಎಬ್ಬಿಸಿ ಆಟಕ್ಕೆ ಕೂರಿಸುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಾರಳು. ಅಕ್ಕನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಹುಡುಗ ಮೆಲ್ಲಗೆ ಮಾತು ತೆಗೆದ. 2025ರ ಮೇ ತಿಂಗಳಿನಲ್ಲಿ 5060 ಬಂದಿದೆ. ಮೆಮೊರಿ ಎಂಟೇ ಜಿಬಿ, ಆದರೆ ಹೊಸ ಜಾತಿಯದು, ವೇಗ ಹೆಚ್ಚು. ಇದನ್ನು ಮಾರಿ ಮೇಲೆ ಸ್ವಲ್ಪ ಹಾಕಿದರೆ ಆಗುತ್ತದೆ. ನಾನು ಇರುವುದಕ್ಕೇನಾಗಿದೆ ಎಂದು ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಸೌಟು ಕೆಳಗಿಟ್ಟು ಕೇಳಿದಳು: "ಅದು ಎಷ್ಟು ವ್ಯಾಟು?"

"145 ಅತ್ತೆ. ಇದಕ್ಕಿಂತ ಮೂವತ್ತು ಜಾಸ್ತಿ."

ಅವಳು ಮೊಸರಿನ ಪಾತ್ರೆಯ ಕಡೆಗೊಮ್ಮೆ, ಪಕ್ಕದ ಖಾಲಿ ಜಾಗದ ಕಡೆಗೊಮ್ಮೆ ನೋಡಿದಳು. "ಇಡ್ಲಿ ಹಿಟ್ಟೂ ಇಡಬಹುದು ಹಂಗಾದ್ರೆ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ, ನೀನು ಸುಮ್ನಿರು." ಆ ಸಂಜೆಯೇ ಹೊಳಲ್ಕೆರೆಗೆ ಫೋನು ಹೋಯಿತು. ಭೀಮಸಮುದ್ರದಲ್ಲಿ ಈ ವಾರ ಧಾರಣೆ ಹೇಗಿದೆ ಎಂಬಲ್ಲಿಂದ ಅವಳು ಶುರುಮಾಡಿದ್ದು ನನಗೆ ಹಾಲಿನವರೆಗೂ ಕೇಳಿಸುತ್ತಿತ್ತು.